ಚೀಸ್ ಹಾಕಿದ ಬೀಫ್ ಕೀಮ ಸ್ಯಾಂಡ್‌ವಿಚ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡಿನ ಮನೆಗಳಲ್ಲಿ ಬೀಫ್ ಅಂದರೆ ರಜೆಯ ದಿನದ ಅಡುಗೆ. ಕುಕ್ಕರ್ ಇಡಬೇಕು, ಮಸಾಲೆ ಅರೆಯಬೇಕು, ಆಮೇಲೆ ಬಾಣಲೆಯಲ್ಲಿ ಕಪ್ಪಾಗುವ ತನಕ ಹುರಿಯಬೇಕು. ಕೆಲಸ ಮುಗಿಸಿ ಬಸ್ಸಿಳಿದು ರಾತ್ರಿ ಏಳೂವರೆಗೆ ಮನೆ ಸೇರುವವರಿಗೆ ಅಷ್ಟು ಹೊತ್ತು ಎಲ್ಲಿದೆ? ಕೀಮ ತಂದಿಟ್ಟರೆ ಅದೇ ಬೀಫು ಅರ್ಧ ಗಂಟೆಯೊಳಗೆ ತಟ್ಟೆಗೆ ಬರುತ್ತದೆ. ಒಂದೇ ಷರತ್ತು, ಅದನ್ನು ಗಸಿಯ ಹಾಗೆ ಬೇಯಿಸಬಾರದು. ಜೋರು ಉರಿಯಲ್ಲಿ, ಒಣಗಿಸಿ, ಬೇಗ ಮುಗಿಸಬೇಕು. ಕುಂಬಳೆ, ಉಪ್ಪಳ, ಬದಿಯಡ್ಕದ ಗೆಳೆಯರೂ ಗಲ್ಫಿನಲ್ಲಿರುವ ನಮ್ಮ ಹುಡುಗರೂ ಇದರ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಮೊದಲ ಸಲ ಮಾಡುವವರಿಗೆ

ಇದು ಬರ್ಗರಾ, ಸ್ಯಾಂಡ್‌ವಿಚ್ಚಾ? ಎಲ್ಲಿಯ ತಿಂಡಿ ಇದು?

ಬರ್ಗರ್ ಅಲ್ಲ. ಬರ್ಗರಿನಲ್ಲಿ ಕೀಮವನ್ನು ಬಿಲ್ಲೆಯ ಹಾಗೆ ತಟ್ಟಿ ಬೇಯಿಸುತ್ತಾರೆ. ಇಲ್ಲಿ ಕೀಮ ಉದುರಾಗಿಯೇ ಇರುತ್ತದೆ, ಅದನ್ನು ಹಿಡಿದಿಡುವುದು ಕರಗಿದ ಚೀಸ್. ಅಮೆರಿಕದಲ್ಲಿ ಇಂಥ ಸ್ಯಾಂಡ್‌ವಿಚ್‌ಗಳು ಹಲವು ಬಗೆ ಇವೆ. ಅಯೋವಾ ರಾಜ್ಯದ ಮಸ್ಕಟೀನ್ ಎಂಬ ಊರಿನಲ್ಲಿ 1926ರಲ್ಲಿ ಒಬ್ಬ ಕಸಾಯಿಯವರು ಉದುರು ಕೀಮದ ಸ್ಯಾಂಡ್‌ವಿಚ್ ಅಂಗಡಿ ತೆರೆದರು. ಮೇಡ್‌ರೈಟ್ ಎಂಬ ಹೆಸರಿನಲ್ಲಿ ಅದು ಈಗಲೂ ನಡೆಯುತ್ತಿದೆ. ಟೊಮೆಟೊ ಸಾಸಿನಲ್ಲಿ ಒದ್ದೆ ಮಾಡಿ ಬನ್ನಿಗೆ ತುಂಬುವುದು ಸ್ಲಾಪಿ ಜೋ. ನ್ಯೂಯಾರ್ಕಿನ ಹಾರ್ಲೆಮ್, ಬ್ರಾಂಕ್ಸ್ ಕಡೆಯ ಸಣ್ಣ ಅಂಗಡಿಗಳಲ್ಲಿ ಸಿಗುವುದು ಚಾಪ್ಡ್ ಚೀಸ್. ಕಾದ ತಗಡಿನ ಮೇಲೆ ಕೀಮ, ನೀರುಳ್ಳಿ ಹಾಕಿ ಸಟ್ಟುಗದಲ್ಲಿ ಕೊಚ್ಚಿ, ಮೇಲೆ ಚೀಸ್ ಕರಗಿಸಿ, ಉದ್ದ ಬನ್ನಿನೊಳಗೆ ತಳ್ಳುತ್ತಾರೆ. ನಾವು ಮಾಡುವುದು ಈ ಕೊನೆಯದಕ್ಕೆ ಹತ್ತಿರ. ದೋಸೆ ಕಾವಲಿ ಇರುವ ಮನೆಗೆ ಇದು ಕಷ್ಟದ ಕೆಲಸವೇ ಅಲ್ಲ.

ನಾಲ್ಕು ಜನಕ್ಕೆ ಎಷ್ಟು ಬೇಕು, ಹೇಗೆ ಮಾಡುವುದು, ಒಂದೇ ಸಲ ಹೇಳಿಬಿಡಿ.

ಅರ್ಧ ಕಿಲೋ ಕೀಮ, ಎರಡು ದೊಡ್ಡ ನೀರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸು, ಒಂದು ಚಮಚ ಕುಟ್ಟಿದ ಒಳ್ಳೆಮೆಣಸು (ಕಾಳುಮೆಣಸು), ಎರಡು ದೊಡ್ಡ ಚಮಚ ಟೊಮೆಟೊ ಕೆಚಪ್, ಎಂಟು ಸ್ಲೈಸ್ ಚೀಸ್, ನಾಲ್ಕು ಬನ್, ಸ್ವಲ್ಪ ಬೆಣ್ಣೆ, ಉಪ್ಪು. ನೀರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು ಸಣ್ಣಗೆ ಹೆಚ್ಚಿಡಿ.

ಮೊದಲು ಬನ್ನನ್ನು ಸೀಳಿ, ಒಳಬದಿಗೆ ಬೆಣ್ಣೆ ಸವರಿ, ಕಾವಲಿಯಲ್ಲಿ ಕೆಂಪಗೆ ಕಾಯಿಸಿ ತೆಗೆದಿಡಿ. ಈಗ ಉರಿ ಜೋರು ಮಾಡಿ. ಒಂದು ಚಮಚ ಎಣ್ಣೆ ಹಾಕಿ, ಕೀಮವನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿ ಒತ್ತಿ. ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ತಳ ಕಂದಾದ ಮೇಲೆ ಮಗುಚಿ ಹಾಕಿ, ಸಟ್ಟುಗದ ಅಂಚಿನಿಂದ ಪುಡಿ ಮಾಡಿ. ಬದಿಗೆ ಸರಿಸಿ, ಇಳಿದ ಕೊಬ್ಬಿನಲ್ಲೇ ನೀರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು ಬಾಡಿಸಿ. ಎಲ್ಲ ಸೇರಿಸಿ, ಉಪ್ಪು, ಒಳ್ಳೆಮೆಣಸು, ಕೆಚಪ್ ಹಾಕಿ ಎರಡು ನಿಮಿಷ ಕೈಯಾಡಿಸಿ. ಉರಿ ಸಣ್ಣ ಮಾಡಿ, ಕೀಮವನ್ನು ನಾಲ್ಕು ರಾಶಿ ಮಾಡಿ, ಒಂದೊಂದರ ಮೇಲೆ ಎರಡು ಸ್ಲೈಸ್ ಚೀಸ್ ಇಡಿ. ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಟ್ಟು ರಾಶಿಗಳನ್ನು ಬನ್ನಿಗೆ ಎತ್ತಿ ಹಾಕಿ. ಇಷ್ಟೇ. ನೀರುಳ್ಳಿ ಹೆಚ್ಚುವುದೂ ಸೇರಿ 25 ನಿಮಿಷ ಸಾಕು.

ಕುಕ್ಕರಿನಲ್ಲಿ ಸೀಟಿ ಹೊಡೆಸದೆ ಬೀಫ್ ಬೇಯುತ್ತದಾ?

ಬೇಯುತ್ತದೆ. ತುಂಡು ಬೀಫ್ ಗಟ್ಟಿ ಅನಿಸುವುದು ಉದ್ದನೆಯ ನಾರು ಮತ್ತು ಅವನ್ನು ಕಟ್ಟಿಹಿಡಿದ ಕೊಲಾಜನ್‌ನಿಂದ. ಕುಕ್ಕರಿನಲ್ಲಿ ಅಷ್ಟು ಹೊತ್ತು ಇಡುವುದು ಆ ಕೊಲಾಜನ್ ಕರಗಲಿ ಅಂತ. ಕೀಮ ಮಾಡುವಾಗ ಯಂತ್ರದ ಅಲಗು ಆ ನಾರನ್ನು ಆಗಲೇ ತುಂಡರಿಸಿರುತ್ತದೆ. ಇನ್ನು ಮೆತ್ತಗಾಗಲು ಏನೂ ಉಳಿದಿಲ್ಲ, ಬೆಂದರೆ ಸಾಕು. ಕೀಮವನ್ನು ಕುಕ್ಕರಿಗೆ ಹಾಕಿದರೆ ಒಳಗಿನ ರಸವೆಲ್ಲ ನೀರಿಗೆ ಇಳಿದು ಮರಳಿನ ಹಾಗೆ ಒಣಕಲು ಕಾಳು ಉಳಿಯುತ್ತದೆ. ಅಮ್ಮಂದಿರಿಗೆ ನಂಬಿಸುವುದು ಕಷ್ಟ, ಗೊತ್ತು. ಒಂದು ಸಲ ಮಾಡಿ ಕೊಟ್ಟುಬಿಡಿ.

ಅಂಗಡಿಯಲ್ಲಿ ಏನು ಹೇಳಿ ಕೇಳಬೇಕು? ನಮಗೆ ಕೊಡುವ ಕೀಮದಲ್ಲಿ ಏನಿದೆ ಅಂತಲೇ ಗೊತ್ತಾಗುವುದಿಲ್ಲ.

ರುಬ್ಬಿಟ್ಟ ಕೀಮ ತೆಗೆದುಕೊಳ್ಳಬೇಡಿ. ತುಂಡು ಆರಿಸಿ, ನಿಮ್ಮ ಕಣ್ಣೆದುರೇ ರುಬ್ಬಿಸಿ. ‘ಎಲ್ಲಿಲ್ಲಾತ್ತ ಇರಚ್ಚಿ’ (ಎಲುಬಿಲ್ಲದ ಮಾಂಸ) ಅಂತ ಕೇಳಿ, ಹೆಗಲಿನ ಭಾಗ ಕೊಡಲು ಹೇಳಿ. ಅಲ್ಲಿನ ಮಾಂಸಕ್ಕೆ ರುಚಿ ಇದೆ, ಬೆಲೆಯೂ ಜಾಸ್ತಿ ಏನಿಲ್ಲ. ಜೊತೆಗೆ ಸ್ವಲ್ಪ ಗಟ್ಟಿ ಕೊಬ್ಬು ಸೇರಿಸಿ ರುಬ್ಬಲು ಹೇಳಬೇಕು. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಕಟುಕರು ನಿಮಗೆ ಒಳ್ಳೆಯದಾಗಲಿ ಅಂತ ಕೊಬ್ಬನ್ನೆಲ್ಲ ಕೊಯ್ದು ಬಿಸಾಡುತ್ತಾರೆ. ಅರ್ಧ ಕಿಲೋದಲ್ಲಿ 75ರಿಂದ 100 ಗ್ರಾಂ ಕೊಬ್ಬು ಇರಲಿ.

ಬೆಳಗ್ಗೆ ಬೇಗ ಹೋಗಿ. ಯಂತ್ರ ತೊಳೆದು ಸ್ವಚ್ಛವಾಗಿರುವುದು ಆಗಲೇ. ಒಂದು ಸಲ ರುಬ್ಬಿದರೆ ಸಾಕು. ಎರಡು ಸಲ ರುಬ್ಬಿದ್ದು ಕಬಾಬಿಗೆ ಚೆನ್ನ, ಇದಕ್ಕೆ ಅಂಟು ಅಂಟಾಗುತ್ತದೆ.

ನಮ್ಮಲ್ಲಿ ಬೀಫ್ ಅಂತ ಸಿಗುವುದು ಜಾಸ್ತಿ ಪೋತ್ತು ಅಲ್ವಾ? ಕೋಣನ ಮಾಂಸದಲ್ಲಿ ಆಗುತ್ತದಾ?

ಚೆನ್ನಾಗಿ ಆಗುತ್ತದೆ. ಗುರುತಿಸುವುದೂ ಸುಲಭ. ಕೋಣನ ಮಾಂಸದ ಬಣ್ಣ ಗಾಢ, ಕೊಬ್ಬು ಬೆಳ್ಳಗೆ. ದನದ ಕೊಬ್ಬಿಗೆ ಹಳದಿ ಛಾಯೆ ಇರುತ್ತದೆ, ಹುಲ್ಲಿನಲ್ಲಿರುವ ಕೆರೋಟಿನ್ ಅದರಲ್ಲಿ ಉಳಿಯುವುದರಿಂದ. ಎಮ್ಮೆ, ಕೋಣಗಳ ಮೈ ಆ ಕೆರೋಟಿನ್ನನ್ನು ವಿಟಮಿನ್ ಎ ಆಗಿ ಬದಲಿಸಿಬಿಡುತ್ತದೆ. ಎಮ್ಮೆ ಹಾಲು ಬೆಳ್ಳಗಿರುವುದಕ್ಕೂ ಅದೇ ಕಾರಣ.

ವಿದೇಶದ ಪಾಕವಿಧಾನ ಓದಿ ಮಾಡುವವರಿಗೆ ಇಲ್ಲಿ ತೊಡಕಾಗುವುದು ಒಂದೇ. ಕೋಣನ ಮಾಂಸದಲ್ಲಿ ಕೊಬ್ಬು ಕಡಿಮೆ. ‘ಕೊಬ್ಬು ಬಸಿದು ಚೆಲ್ಲಿ’ ಅಂತ ಅವರು ಬರೆದದ್ದನ್ನು ನಾವು ಮಾಡಬೇಕಾಗಿಲ್ಲ. ಬದಲಿಗೆ ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಜಾಸ್ತಿ ಹಾಕಬೇಕು. ತುಂಬ ಒಣ ಮಾಂಸವಾದರೆ ಇನ್ನೊಂದು ಉಪಾಯ ಇದೆ. ಅರ್ಧ ಕಿಲೋ ಕೀಮಕ್ಕೆ ಕಾಲು ಚಮಚ ಅಡುಗೆ ಸೋಡಾವನ್ನು ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಕಲಸಿ, 15 ನಿಮಿಷ ಬಿಡಿ. ಸೋಡಾದ ಕ್ಷಾರದಿಂದ ಮಾಂಸದ ಪ್ರೊಟೀನ್ ಬಿಗಿಯಾಗಿ ಸುತ್ತಿಕೊಳ್ಳುವುದಿಲ್ಲ, ನೀರು ಒಳಗೇ ಉಳಿಯುತ್ತದೆ, ಬಣ್ಣವೂ ಬೇಗ ಬರುತ್ತದೆ. ಕಾಲು ಚಮಚಕ್ಕಿಂತ ಜಾಸ್ತಿ ಬೇಡ, ಸಾಬೂನಿನ ರುಚಿ ಬರುತ್ತದೆ.

ತೊಳೆಯದೆ ಮಾಂಸ ಬೇಯಿಸುವುದು ಹೇಗೆ? ಮನಸ್ಸೇ ಒಪ್ಪುವುದಿಲ್ಲ.

ಕೀಮವನ್ನು ತೊಳೆದರೆ ಅದು ನೀರು ಕುಡಿದು ನೆನೆದ ಹಾಗಾಗುತ್ತದೆ. ಆಮೇಲೆ ಎಷ್ಟು ಹುರಿದರೂ ಕಂದಾಗುವುದಿಲ್ಲ. ತೊಳೆಯಲೇಬೇಕು ಅನಿಸಿದರೆ ರುಬ್ಬುವ ಮೊದಲು ತುಂಡನ್ನು ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ರುಬ್ಬಿ. ರೋಗಾಣು ಸಾಯುವುದು ನಲ್ಲಿ ನೀರಿಗಲ್ಲ, ಬಿಸಿಗೆ. ಸಿಂಕಿನಲ್ಲಿ ಚಿಮ್ಮಿದ ನೀರು ಪಕ್ಕದ ಸೌತೆಕಾಯಿಯ ಮೇಲೆ ಬೀಳುವುದೇ ದೊಡ್ಡ ಅಪಾಯ.

## ಒಲೆಯ ಮುಂದೆ ನಿಂತಾಗ

ನಾನು ಮಾಡಿದರೆ ಕೀಮ ನೀರು ಬಿಟ್ಟು ಬೂದು ಬಣ್ಣ ಆಗುತ್ತದೆ. ಹೋಟೆಲಿನಲ್ಲಿ ಕಂದಾಗಿರುತ್ತದೆ. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಸ್ಯಾಂಡ್‌ವಿಚ್ ಚೆನ್ನಾಗುವುದೂ ಕೆಡುವುದೂ ಇಲ್ಲೇ.

ನೀರು ಇರುವ ತನಕ ಕಾವಲಿಯ ಮೇಲಿನ ಮಾಂಸದ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕಂದು ಬಣ್ಣ, ಹುರಿದ ಪರಿಮಳ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಆಗ ಮಾಂಸದ ಪ್ರೊಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಸೇರಿ ನೂರಾರು ಹೊಸ ಪರಿಮಳಗಳು ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಅವರ ಹೆಸರಲ್ಲೇ ಇದನ್ನು ಕರೆಯುತ್ತಾರೆ. ಬೂದು ಕೀಮ ಅಂದರೆ ಬೆಂದಿದೆ, ಹುರಿದಿಲ್ಲ.

ಹಾಗಾದರೆ ಮಾಡುವುದೇನು? ಕಾವಲಿ ಚೆನ್ನಾಗಿ ಕಾಯಲಿ. ನೀರು ಚಿಮುಕಿಸಿದರೆ ಚುಂಯ್ ಎಂದು ಹಾರಿಹೋಗಬೇಕು. ಒಮ್ಮೆಲೇ ಅರ್ಧ ಕಿಲೋ ಸುರಿಯಬೇಡಿ. ಸಣ್ಣ ಕಾವಲಿಯಾದರೆ ಎರಡು ಸಲ ಮಾಡಿ. ರಾಶಿ ಹಾಕಿದರೆ ಕೆಳಗಿನ ಮಾಂಸದ ಹಬೆಯಲ್ಲಿ ಮೇಲಿನದು ಬೇಯುತ್ತದೆ. ಫ್ರಿಡ್ಜಿನಿಂದ ತೆಗೆದ ಕೀಮ ಒದ್ದೆ ಇದ್ದರೆ ಪೇಪರಿನಲ್ಲಿ ಒತ್ತಿ ಒಣಗಿಸಿ. ಮುಖ್ಯವಾಗಿ, ಹಾಕಿದ ಕೂಡಲೇ ಕೈಯಾಡಿಸಬೇಡಿ. ಸಾರಿಗೆ ಕೈಯಾಡಿಸಿ ರೂಢಿಯಾದ ನಮಗೆ ಸುಮ್ನೆ ನಿಲ್ಲುವುದೇ ಕಷ್ಟ. ತಳ ಹಿಡಿಯುತ್ತದೆ ಅನಿಸಿದರೂ ನಿಲ್ಲಿ. ಬಣ್ಣ ಬಂದ ಮಾಂಸ ತಾನಾಗಿ ಕಾವಲಿ ಬಿಡುತ್ತದೆ. ಎಲ್ಲ ಕೀಮವೂ ಕಂದಾಗಬೇಕಾಗಿಲ್ಲ, ಒಂದು ಮಗ್ಗುಲು ಗಾಢವಾಗಿ ಕಂದಾದರೆ ಅದರ ರುಚಿ ಇಡೀ ರಾಶಿಗೆ ಹಬ್ಬುತ್ತದೆ.

ಇದಕ್ಕೆ ಕಬ್ಬಿಣದ ಕಾವಲಿಯೇ ಬೇಕು ಅನ್ನುವೆ. ದಪ್ಪ ಕಬ್ಬಿಣ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆ ಮಾಂಸ ಬಿದ್ದರೂ ಆರುವುದಿಲ್ಲ. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಇಟ್ಟು ಜೋರು ಉರಿಯಲ್ಲಿ ಕಾಯಿಸಬೇಡಿ. ಸುಮಾರು 260 ಡಿಗ್ರಿ ದಾಟಿದರೆ ಅದರ ಲೇಪ ಒಡೆದು ಹೊಗೆ ಬಿಡಲು ಶುರುವಾಗುತ್ತದೆ. ಹೊಸ ಕಬ್ಬಿಣದ ಕಾವಲಿಯಾದರೆ ನಾಲ್ಕು ದಿನ ದೋಸೆ ಹೊಯ್ದು ಪಳಗಿಸಿ, ಆಮೇಲೆ ಕೀಮ ಹಾಕಿ.

ಉಪ್ಪು ಮೊದಲೇ ಹಾಕಿ ಕಲಸಿಡಬಹುದಾ?

ಬೇಡ. ಉಪ್ಪು ಹಾಕಿ ಕಲಸಿದರೆ ಕೀಮದ ಪ್ರೊಟೀನ್ ಹೊರಬಂದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಾಸೇಜ್ ಮಾಡುವವರಿಗೆ ಅದೇ ಬೇಕು, ನಮಗೆ ಉದುರು ಬೇಕು. ಕಂದಾದ ಮೇಲೆ ಹಾಕಿ. ಚೀಸಿನಲ್ಲೂ ಕೆಚಪ್ಪಿನಲ್ಲೂ ಉಪ್ಪಿದೆ, ಮುಕ್ಕಾಲು ಚಮಚದಿಂದ ಶುರು ಮಾಡಿ ರುಚಿ ನೋಡಿ. ರಕ್ತದೊತ್ತಡ ಇರುವವರಿಗೆ ಮಾಡುವುದಾದರೆ ಮೇಲುಪ್ಪು ಬಿಟ್ಟರೂ ನಡೆಯುತ್ತದೆ.

ಯಾವ ಚೀಸ್ ಹಾಕಬೇಕು? ಅಮುಲ್ ಸ್ಲೈಸ್ ಸಾಕಾ, ದುಬಾರಿ ಚೀಸ್ ತರಬೇಕಾ?

ಈ ಸ್ಯಾಂಡ್‌ವಿಚ್ಚಿಗೆ ಅಮುಲ್ ಸ್ಲೈಸೇ ಚೆನ್ನ. ದುಡ್ಡು ಉಳಿಸಲು ಹೇಳುತ್ತಿಲ್ಲ. ಪ್ರೊಸೆಸ್ಡ್ ಚೀಸಿನಲ್ಲಿ ಸೋಡಿಯಂ ಸಿಟ್ರೇಟ್, ಫಾಸ್ಫೇಟಿನಂಥ ಲವಣ ಸೇರಿಸಿರುತ್ತಾರೆ. ಅವು ಚೀಸಿನ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಪ್ರೊಟೀನನ್ನು ಸಡಿಲ ಮಾಡುತ್ತವೆ. ಹಾಗಾಗಿ ಕರಗಿದಾಗ ಕೊಬ್ಬೂ ನೀರೂ ಬೇರೆಯಾಗದೆ ನುಣ್ಣಗೆ ಹರಿಯುತ್ತದೆ. ಉದುರು ಕೀಮವನ್ನು ಹಿಡಿದಿಡಲು ಬೇಕಾದ್ದು ಅದೇ ಗುಣ. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ಅವರು 1916ರಲ್ಲಿ ಇಂಥ ಚೀಸಿಗೆ ಪೇಟೆಂಟ್ ಪಡೆದರು. ಚಾಪ್ಡ್ ಚೀಸಿಗೆ ಇವತ್ತಿಗೂ ಹಾಕುವುದು ಆ ಬಗೆಯ ಸ್ಲೈಸೇ.

ಚೆಡ್ಡಾರಿಗೆ ರುಚಿ ಜಾಸ್ತಿ, ಆದರೆ ಬಿಸಿ ಏರಿದರೆ ಎಣ್ಣೆ ಬಿಡುತ್ತದೆ. ಮೊಝರೆಲ್ಲಾ ಎಳೆ ಎಳೆಯಾಗಿ ಬರುತ್ತದೆ, ಮಕ್ಕಳಿಗೆ ಖುಷಿ, ಆದರೆ ಸಪ್ಪೆ. ಕೈಗೆ ಸಿಕ್ಕಿದರೆ ಅರ್ಧ ಪ್ರೊಸೆಸ್ಡ್, ಅರ್ಧ ಚೆಡ್ಡಾರ್ ಸೇರಿಸಿ ನೋಡಿ, ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಅಮುಲ್ ಕ್ಯೂಬ್ ಇದ್ದರೆ ತುರಿದು ಹಾಕಿ. 200 ಗ್ರಾಮಿನ ಡಬ್ಬಿಯ ಎಂಟು ಕ್ಯೂಬಿನಲ್ಲಿ ಆರು ಸಾಕು. ಪನೀರ್ ಹಾಕಬಹುದಾ ಅಂತಲೂ ಕೇಳುತ್ತಾರೆ. ಪನೀರ್ ಹುಳಿಯಿಂದ ಒಡೆದ ಹಾಲು, ಎಷ್ಟು ಕಾಯಿಸಿದರೂ ಕರಗದು.

ಚೀಸ್ ಕರಗುವುದರೊಳಗೆ ಕೀಮ ಸೀದುಹೋಗುತ್ತದೆ. ಏನು ಮಾಡಲಿ?

ಉರಿ ಸಣ್ಣ ಮಾಡಿ. ಕಾವಲಿಯ ಅಂಚಿಗೆ ಒಂದು ಚಮಚ ನೀರು ಬಿಟ್ಟು ತಟ್ಟನೆ ಮುಚ್ಚಳ ಮುಚ್ಚಿ. ಹಬೆಯೇ ಚೀಸನ್ನು ಮೇಲಿಂದ ಕರಗಿಸುತ್ತದೆ. ಬಾಗಿದ ಮುಚ್ಚಳ ಇಲ್ಲದಿದ್ದರೆ ಸಣ್ಣ ಬಾಣಲೆಯನ್ನೇ ಕವುಚಿ ಹಾಕಿ.

ತಿನ್ನುವಷ್ಟರಲ್ಲಿ ಬನ್ ಒದ್ದೆಯಾಗಿ ಕೈಯಲ್ಲೇ ಹರಿದುಹೋಗುತ್ತದೆ. ಯಾವ ಬ್ರೆಡ್ ತರಲಿ?

ಬೇಕರಿಯ ಸಿಹಿ ಬನ್ನು ಬೇಡ. ಉದ್ದದ ಬನ್ನೋ ಪಾವೋ ತನ್ನಿ. ಹಿಂದಿನ ದಿನದ್ದಾದರೆ ಇನ್ನೂ ಒಳ್ಳೆಯದು, ಗಟ್ಟಿಯಾಗಿರುತ್ತದೆ. ಒಳಬದಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಕಾಯಿಸುವುದು ಬರಿಯ ರುಚಿಗಲ್ಲ, ರಸ ಒಳಗಿಳಿಯದ ಹಾಗೆ ಒಂದು ಪದರ ಕಟ್ಟುತ್ತದೆ. ಟೊಮೆಟೊ, ಸೌತೆಕಾಯಿ ಹಾಕುವುದಾದರೆ ಬೀಜದ ತಿರುಳು ತೆಗೆದು ಒರೆಸಿ, ಚೀಸಿನ ಮೇಲೆ ಇಡಿ, ಬ್ರೆಡ್ಡಿಗೆ ತಾಗಿಸಬೇಡಿ.

ನಮ್ಮ ಕಡೆ ಅಂಗಡಿ ಅಂಗಡಿಯಲ್ಲಿ ಪ್ಯಾಕೆಟ್ ಕುಬ್ಬೂಸ್ (ಅರಬ್ಬಿ ರೊಟ್ಟಿ) ಸಿಗುತ್ತದೆ. ಅವಸರಕ್ಕೆ ಅದು ಬನ್ನಿಗಿಂತ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅರ್ಧ ಕತ್ತರಿಸಿ, ಚೀಲದ ಹಾಗೆ ಬಿಡಿಸಿ, ಕೀಮ ಚೀಸ್ ತುಂಬಿ, ಕಾವಲಿಯಲ್ಲಿ ಎರಡೂ ಬದಿ ಒತ್ತಿ ಕಾಯಿಸಿ. ಒಂದು ಹನಿಯೂ ಸೋರುವುದಿಲ್ಲ. ಪೊರೋಟದಲ್ಲಿ ಸುತ್ತಿದರೆ ರುಚಿಯೇ, ಆದರೆ ಅದರ ಎಣ್ಣೆಯ ಜೊತೆ ಚೀಸಿನ ಕೊಬ್ಬೂ ಸೇರಿ ರಾತ್ರಿಗೆ ಭಾರ.

ಗರಂ ಮಸಾಲೆ, ಕರಿಬೇವು, ತೆಂಗಿನಕಾಯಿ ಚೂರು ಹಾಕಿದರೆ ಇನ್ನೂ ರುಚಿ ಅಲ್ವಾ?

ಆ ರುಚಿ ನನಗೂ ಇಷ್ಟ. ಕಾಯಿಚೂರು, ಕರಿಬೇವು, ತೆಂಗಿನೆಣ್ಣೆಯಲ್ಲಿ ಹುರಿದ ಬೀಫಿಗೆ ಕೇರಳದಲ್ಲಿ ಸಾಟಿ ಇಲ್ಲ. ಆದರೆ ಅದು ಚೀಸಿನ ಜೊತೆಗಾರ ಅಲ್ಲ. ಗರಂ ಮಸಾಲೆಯ ಲವಂಗ, ಚಕ್ಕೆ ಎಲ್ಲ ಸೇರಿದರೆ ಚೀಸಿನ ಹಾಲಿನ ರುಚಿ ಕಾಣೆಯಾಗುತ್ತದೆ, ಆಮೇಲೆ ಚೀಸ್ ಹಾಕಿದ್ದೇ ದಂಡ. ಒಳ್ಳೆಮೆಣಸು ಮಾತ್ರ ಧಾರಾಳ ಹಾಕಿ. ತೋಟದ ಮೆಣಸನ್ನು ಆಗಲೇ ಕುಟ್ಟಿ ಹಾಕಿದರೆ ಬೇರೆ ಖಾರವೇ ಬೇಡ. ಹುಳಿಗೆ ಉಪ್ಪಿನಲ್ಲಿಟ್ಟ ಸೌತೆಕಾಯಿ ಇಲ್ಲದಿದ್ದರೆ ನೀರುಳ್ಳಿ ಬಿಲ್ಲೆಗಳನ್ನು ವಿನೆಗರ್, ಚಿಟಿಕೆ ಸಕ್ಕರೆ, ಉಪ್ಪಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ. ಕೊಬ್ಬು, ಚೀಸಿನ ಮಧ್ಯೆ ಆ ಹುಳಿ ಬೇಕೇ ಬೇಕು.

ಮಯೋನೀಸ್ ಮನೆಯಲ್ಲೇ ಮಾಡಿ ಹಚ್ಚಬಹುದಾ?

ಹಸಿ ಮೊಟ್ಟೆಯದ್ದು ಬೇಡ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯ ಇದೆ. ಕೇರಳ ಸರ್ಕಾರ 2023ರ ಜನವರಿಯಲ್ಲಿ ಹೋಟೆಲುಗಳಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ಮೊಟ್ಟೆ ಇಲ್ಲದ್ದೋ ಪಾಶ್ಚರೀಕರಿಸಿದ ಮೊಟ್ಟೆಯದ್ದೋ ಬಾಟಲಿಯಲ್ಲಿ ಸಿಗುತ್ತದೆ, ಅದನ್ನೇ ತನ್ನಿ. ತೆರೆದ ಮೇಲೆ ಫ್ರಿಡ್ಜಿನಲ್ಲಿಡಿ.

## ಜಾಗ್ರತೆಯ ವಿಷಯ

ಟಿವಿಯಲ್ಲಿ ಸ್ಟೇಕನ್ನು ಒಳಗೆ ಕೆಂಪಗಿರುವಾಗಲೇ ತಿನ್ನುತ್ತಾರೆ. ಕೀಮವೂ ಹಾಗೇ ಇದ್ದರೆ ಏನಾಗುತ್ತದೆ?

ಸ್ಟೇಕಿಗೂ ಕೀಮಕ್ಕೂ ದೊಡ್ಡ ವ್ಯತ್ಯಾಸ ಇದೆ. ಇಡೀ ತುಂಡಿನಲ್ಲಿ ರೋಗಾಣು ಇದ್ದರೂ ಬಹುಮಟ್ಟಿಗೆ ಮೇಲ್ಮೈಯಲ್ಲೇ ಇರುತ್ತದೆ, ಕಾವಲಿಗೆ ತಾಗಿದ ಕೂಡಲೇ ಸಾಯುತ್ತದೆ. ರುಬ್ಬಿದಾಗ ಮೇಲಿನದೆಲ್ಲ ಒಳಗೆ ಸೇರಿಹೋಗುತ್ತದೆ. ಹಾಗಾಗಿ ಕೀಮ ಪೂರ್ತಿ ಬೇಯಲೇಬೇಕು. ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇ. ಕೋಲಿ ಎಂಬ ರೋಗಾಣುವಿನ ಒಂದು ಅಪಾಯಕಾರಿ ಬಗೆ ಅರೆಬೆಂದ ಬೀಫ್ ಕೀಮದಿಂದಲೇ ಹರಡಿ, 1993ರಲ್ಲಿ ಅಮೆರಿಕದಲ್ಲಿ ನಾಲ್ಕು ಮಕ್ಕಳು ತೀರಿಕೊಂಡರು. ಅಲ್ಲಿ ಕೀಮ ಬೇಯಿಸುವ ನಿಯಮ ಬಿಗಿಯಾದದ್ದು ಆಮೇಲೆಯೇ.

ಬಣ್ಣ ನೋಡಿ ತೀರ್ಮಾನ ಮಾಡುವುದು ಸರಿಯಲ್ಲ. ಕೆಲವು ಮಾಂಸ ಬೇಯುವ ಮೊದಲೇ ಕಂದಾಗುತ್ತದೆ. ಉದುರು ಕೀಮಕ್ಕೆ ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಪುಡಿ ಮಾಡಿ, ಗಂಟು ಉಳಿಯದ ಹಾಗೆ ನೋಡಿ, ಎಲ್ಲ ಕಡೆಯಿಂದ ಹಬೆ ಏಳುವ ತನಕ ಬೇಯಿಸಿ. ಹಸಿ ಕೀಮ ಮುಟ್ಟಿದ ಸಟ್ಟುಗದಿಂದ ಬೆಂದದ್ದನ್ನು ಬನ್ನಿಗೆ ಹಾಕಬೇಡಿ, ಅದನ್ನು ತೊಳೆಯಿರಿ ಅಥವಾ ಬೇರೆ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಷವರ್ಮಾ ತಿಂದು ಶಾಲೆಯ ಹುಡುಗಿಯೊಬ್ಬಳು ತೀರಿಕೊಂಡಳು, ಎಷ್ಟೋ ಜನ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ರೋಗಾಣು ಕಂಡುಬಂದಿತ್ತು. ಮಾಂಸದ ಅಡುಗೆಯಲ್ಲಿ ಕೈ ಶುಚಿ, ಪಾತ್ರೆ ಶುಚಿ ಅಂತ ನಾನು ಹಠ ಹಿಡಿಯುವುದು ಅದಕ್ಕೇ.

ಭಾನುವಾರ ತಂದ ಕೀಮ ಬುಧವಾರ ರಾತ್ರಿಗೆ ಆಗುತ್ತದಾ? ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ.

ಫ್ರಿಡ್ಜಿನ ಕೆಳಗಿನ ಭಾಗದಲ್ಲಿಟ್ಟರೆ ಆಗುವುದಿಲ್ಲ. ಕೀಮಕ್ಕೆ ಅಲ್ಲಿ ಒಂದು, ಹೆಚ್ಚೆಂದರೆ ಎರಡು ದಿನ. ಭಾನುವಾರವೇ ಫ್ರೀಜರಿಗೆ ಹಾಕಿ. ಅರ್ಧ ಕಿಲೋವನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಒಂದು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆ ಮಾಡಿ. ಉಂಡೆ ಕಟ್ಟಿ ಇಟ್ಟರೆ ಕರಗಲು ಅರ್ಧ ದಿನ ಬೇಕು. ಚಪ್ಪಟೆ ಚೀಲ ತಣ್ಣೀರಿನಲ್ಲಿ ಮುಳುಗಿಸಿದರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಫ್ರೀಜರಿನಿಂದ ಫ್ರಿಡ್ಜಿನ ಕೆಳಗಿನ ಭಾಗಕ್ಕೆ ಇಳಿಸಿ ಹೋದರೆ ಇನ್ನೂ ಸುಲಭ. ಅಡುಗೆಕೋಣೆಯ ಕಟ್ಟೆಯ ಮೇಲೆ ಇಟ್ಟು ಹೋಗಬೇಡಿ. ಮೂರು ನಾಲ್ಕು ತಿಂಗಳು ರುಚಿ ಕೆಡುವುದಿಲ್ಲ.

ಕರೆಂಟ್ ಹೋದಾಗ ಬಾಗಿಲು ತೆರೆಯದಿರುವುದೇ ಮುಖ್ಯ. ತುಂಬಿದ ಫ್ರೀಜರ್ ಮುಚ್ಚಿಯೇ ಇದ್ದರೆ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದಾದರೆ 24 ಗಂಟೆ. ಕೆಳಗಿನ ಫ್ರಿಡ್ಜ್ ಬರಿ ನಾಲ್ಕು ಗಂಟೆ. ಜೂನ್ ಬರುವ ಮೊದಲು ಫ್ರೀಜರಿನ ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಡಿ, ಅವು ಮಂಜುಗಡ್ಡೆಯಾಗಿ ಕಾಪಾಡುತ್ತವೆ. ಕರೆಂಟ್ ಬಂದ ಮೇಲೆ ಕೀಮದಲ್ಲಿ ಇನ್ನೂ ಮಂಜಿನ ಹರಳು ಇದ್ದರೆ ಪರವಾಗಿಲ್ಲ. ಮೆತ್ತಗಾಗಿ ಬೆಚ್ಚಗಾಗಿದ್ದರೆ ವಾಸನೆ ನೋಡುತ್ತಾ ನಿಲ್ಲಬೇಡಿ, ಎಸೆಯಿರಿ.

ಮಕ್ಕಳ ಶಾಲೆಯ ಬುತ್ತಿಗೆ ಕಟ್ಟಿ ಕೊಡಲಾ?

ಬೇಡ. ಬೆಂದ ಮಾಂಸ ಹೊರಗೆ ಎರಡು ಗಂಟೆ, ನಮ್ಮ ಏಪ್ರಿಲ್ ಸೆಕೆಯಂಥ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಶಾಲೆಯಿಂದ ಬಂದ ಮೇಲೆ ಬಿಸಿ ಮಾಡಿ ಕೊಡಿ.

## ಕೈ ಪಳಗಿದವರಿಗೆ

ಮಿಕ್ಸಿಯಲ್ಲಿ ಮನೆಯಲ್ಲೇ ಕೀಮ ಮಾಡಿದರೆ ಪೇಸ್ಟ್ ಆಗುತ್ತದೆ.

ಮಾಂಸ ತಣ್ಣಗಿಲ್ಲದಿದ್ದರೆ ಹಾಗಾಗುತ್ತದೆ. ಮಿಕ್ಸಿಯ ಬಿಸಿಗೆ ಕೊಬ್ಬು ಕರಗಿ ಮಾಂಸಕ್ಕೆ ಬಳಿದುಕೊಳ್ಳುತ್ತದೆ. ಎರಡು ಸೆಂಟಿಮೀಟರ್ ತುಂಡು ಮಾಡಿ, ತಟ್ಟೆಯಲ್ಲಿ ಹರಡಿ, ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಅಂಚು ಗಟ್ಟಿಯಾಗಬೇಕು, ಕಲ್ಲಾಗಬಾರದು. ಜಾರನ್ನೂ ಅಲ್ಲೇ ಇಡಿ. ಒಮ್ಮೆಗೆ ಒಂದು ಮುಷ್ಟಿ ಮಾತ್ರ ಹಾಕಿ, ಬಟನ್ ಒತ್ತಿ ಬಿಡಿ, ಒತ್ತಿ ಬಿಡಿ. ಬಿಳಿ ನಾರು ಮೊದಲೇ ತೆಗೆದಿದ್ದರೆ ಅಲಗಿಗೆ ಸುತ್ತುವುದಿಲ್ಲ. ಮಿಕ್ಸಿ ಇಲ್ಲದವರು ಎರಡು ಕತ್ತಿಯಲ್ಲಿ ಮಣೆಯ ಮೇಲೆ ಕೊಚ್ಚಿ. ಹೊತ್ತು ಹಿಡಿಯುತ್ತದೆ, ಆದರೆ ಹಾಗೆ ಕೊಚ್ಚಿದ ಮಾಂಸವನ್ನು ಅಗಿಯುವ ರುಚಿಗೆ ಯಂತ್ರದ್ದು ಸಮ ಅಲ್ಲ.

ನಾನು ಶಾರ್ಜಾದಲ್ಲಿ ರೂಮಿನಲ್ಲಿದ್ದೇನೆ. ಸೂಪರ್‌ಮಾರ್ಕೆಟಿನಲ್ಲಿ ಹತ್ತು ಬಗೆ ಕೀಮ. ಯಾವುದು ತೆಗೆದುಕೊಳ್ಳಲಿ?

ಚೀಟಿಯಲ್ಲಿ ಕೊಬ್ಬಿನ ಪ್ರಮಾಣ ಬರೆದಿರುತ್ತದೆ. 80/20 ಅಂದರೆ ನೂರಕ್ಕೆ 20 ಪಾಲು ಕೊಬ್ಬು. ಅದನ್ನೇ ತೆಗೆದುಕೊಳ್ಳಿ, ಎಣ್ಣೆ ಹಾಕಬೇಕಾಗಿಲ್ಲ. ಕಂದಾದ ಮೇಲೆ ಜಾಸ್ತಿ ಕೊಬ್ಬು ನಿಂತಿದ್ದರೆ ಎರಡು ಚಮಚ ಉಳಿಸಿ ಬಾಕಿಯದನ್ನು ಹಳೆ ಡಬ್ಬಿಗೆ ಬಸಿಯಿರಿ, ಸಿಂಕಿಗೆ ಸುರಿದರೆ ಪೈಪ್ ಕಟ್ಟುತ್ತದೆ. ಫ್ರೀಜರಿನ ಕಡೆ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಭಾರತದಿಂದ ಹೋದ ಎಮ್ಮೆ, ಕೋಣದ ಮಾಂಸ. ಅದಕ್ಕೆ ಎಣ್ಣೆ ಬೇಕು. ರೂಮಿನ ಇಂಡಕ್ಷನ್ ಒಲೆಯಲ್ಲಿ ತಳ ಚಪ್ಪಟೆ ಇರುವ ಕಬ್ಬಿಣದ ಬಾಣಲೆ ಇಟ್ಟರೆ ಕೆಲಸ ಬೇಗ ಆಗುತ್ತದೆ.

ನೋಂಬು (ರಂಜಾನ್ ಉಪವಾಸ) ಬಿಡುವ ಹೊತ್ತಿಗೆ ಇಪ್ಪತ್ತು ಜನ ಬರುತ್ತಾರೆ. ಒಂದೊಂದೇ ಮಾಡುತ್ತಾ ಕೂರಲು ಆಗುತ್ತದಾ?

ಒಲೆಯ ಬದಲು ಓವನ್ ಬಳಸಿ. ಅಂಟಿಕೊಂಡಿರುವ ಪಾವಿನ ಹಾಳೆಯನ್ನು ಬಿಡಿಸದೆ ಅಡ್ಡಕ್ಕೆ ಸೀಳಿ. ಕೆಳಗಿನ ಭಾಗ ತಟ್ಟೆಯಲ್ಲಿಟ್ಟು ಮೊದಲು ಚೀಸ್, ಮೇಲೆ ಕೀಮ, ಮತ್ತೆ ಚೀಸ್, ಮೇಲಿನ ಹಾಳೆ ಮುಚ್ಚಿ, ಬೆಳ್ಳುಳ್ಳಿ ಬೆಣ್ಣೆ ಸವರಿ. 180 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಮಧ್ಯಾಹ್ನವೇ ಕೀಮ ಹುರಿದು ಫ್ರಿಡ್ಜಿನಲ್ಲಿಟ್ಟು, ಬಾಂಗಿಗೆ ಅರ್ಧ ಗಂಟೆ ಮೊದಲು ಬಿಸಿ ಮಾಡಿ ಜೋಡಿಸಿದರೆ ಗಡಿಬಿಡಿ ಇಲ್ಲ. ಎರಡು ಕಿಲೋ ಕೀಮಕ್ಕೆ ಇಪ್ಪತ್ತು ಜನ ಧಾರಾಳ, ಹಣ್ಣು, ಸಮೋಸ ಹೇಗೂ ಇರುತ್ತದಲ್ಲ.

ಬೀಫ್ ತಿನ್ನದ ಗೆಳೆಯರು ಜೊತೆಗಿದ್ದಾರೆ. ಅವರಿಗೆ ಏನು ಮಾಡಲಿ?

ಅವರಿಗೆ ಬೇರೆ ಕಾವಲಿ, ಬೇರೆ ಸಟ್ಟುಗ, ಮೊದಲ ಸರದಿ. ಇದು ನನ್ನ ಅಡುಗೆಮನೆಯ ನಿಯಮ. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಮಾತಾಡುವವರು ಒಂದೇ ಮೇಜಿಗೆ ಬರುವ ಊರು ನಮ್ಮದು. ಯಾರಿಗೂ ಸಂಕೋಚ ಆಗಬಾರದು. ಕೋಳಿ ಕೀಮವಾದರೆ 74 ಡಿಗ್ರಿ ತನಕ ಬೇಯಬೇಕು, ಕೊಬ್ಬು ಕಡಿಮೆ ಇರುವುದರಿಂದ ಬೆಣ್ಣೆ ಜಾಸ್ತಿ ಬೇಕು. ಸಸ್ಯಾಹಾರಿಗಳಿಗೆ ಬಟನ್ ಅಣಬೆ ಸಣ್ಣಗೆ ಕೊಚ್ಚಿ, ನೀರೆಲ್ಲ ಆರುವ ತನಕ ಹುರಿದು, ಅದೇ ನೀರುಳ್ಳಿ, ಒಳ್ಳೆಮೆಣಸು ಹಾಕಿ. ಚೀಸ್ ಪ್ಯಾಕೆಟಿನಲ್ಲಿ ಹಸಿರು ಚುಕ್ಕೆ ಇದೆಯಾ ನೋಡಿ ತೆಗೆದುಕೊಳ್ಳಿ.

ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗನಿಗೆ ಕೀಮ ಕಟ್ಟಿ ಕಳಿಸಬಹುದಾ?

ಕಳಿಸಬೇಡಿ. ಗಡಿಯ ತಲಪಾಡಿ ದಾಟಿದರೆ ಕಾನೂನು ಬೇರೆ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆ ದನ, ಕರು, ಹೋರಿ, ಎತ್ತುಗಳ ವಧೆಯನ್ನು ಪೂರ್ತಿ ನಿಷೇಧಿಸಿದೆ, 13 ವರ್ಷದೊಳಗಿನ ಎಮ್ಮೆ, ಕೋಣವನ್ನೂ ಸೇರಿಸಿದೆ. ಚೀಲದಲ್ಲಿರುವುದು ಯಾವ ಮಾಂಸ ಅಂತ ರಸ್ತೆ ಬದಿಯಲ್ಲಿ ನಿಂತು ವಿವರಿಸುವ ಪರಿಸ್ಥಿತಿ ಮಗನಿಗೆ ಬರಬಾರದು. ರಜೆಗೆ ಬಂದಾಗ ಇಲ್ಲೇ ಮಾಡಿ ಕೊಡಿ.

ಹುರಿದ ಕೀಮ ಉಳಿದರೆ ಮಾರನೇ ದಿನ ಏನು ಮಾಡಲಿ?

ಚೀಸ್ ಹಾಕುವ ಮೊದಲೇ ಒಂದು ಪಾಲು ತೆಗೆದಿಟ್ಟರೆ ಫ್ರಿಡ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಬೆಳಗ್ಗೆ ಸೆಟ್ ದೋಸೆ ಹೊಯ್ದು, ಅರ್ಧ ಬೆಂದಾಗ ಮೇಲೆ ಬಿಸಿ ಮಾಡಿದ ಕೀಮ ಉದುರಿಸಿ, ಒಂದು ಮೊಟ್ಟೆ ಒಡೆದು ಹರಡಿ ಮುಚ್ಚಿಡಿ. ನೀರ್‌ದೋಸೆಗೆ ಈ ಕೀಮ ಭಾರವಾಗುತ್ತದೆ, ಹರಿದುಹೋಗುತ್ತದೆ. ದಪ್ಪ ದೋಸೆಯೇ ಇರಲಿ.